ಮೂತ್ರಪಿಂಡದ ಪಾದಕೋಶಗಳು

(ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿ)

ಇತಿಹಾಸವನ್ನೂ ಐಚ್ಛಿಕ ಕನ್ನಡವನ್ನೂ ಓದುವ ವಿದ್ಯಾರ್ಥಿನಿಯೊಬ್ಬಳು ಮೂತ್ರಪಿಂಡದ ವಿಷಯವಾಗಿ ಲೇಖನ ಬರೆದಿರುವುದನ್ನು ಕಂಡು ವಾಚಕರಿಗೆ ಆಶ್ಚರ್ಯವಾಗಬಹುದು. ಬಲ್ಲವರು ಬರೆಯಬೇಕಾದ ವಿಷಯವನ್ನು ನಾನು ಕೈಗೆತ್ತಿಕೊಂಡದ್ದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ನೇಕಾರರ ಮನೆ. ತಂದೆಯವರು ಕೈಮಗ್ಗದ ಮೇಲೆ ಸೀರೆ ನೇಯುತ್ತಾರೆ; ತಾಯಿ ಕಂಡಿಕೆ ಸುತ್ತುತ್ತಾರೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ಆದಕಾರಣ ರೇಷನ್ ಕಾರ್ಡಿನಿಂದ ಹಿಡಿದು ಬ್ಯಾಂಕಿನ ನೋಟೀಸಿನವರೆಗೆ ಮನೆಗೆ ಬಂದ ಪ್ರತಿಯೊಂದು ಕಾಗದವೂ ನನ್ನ ಕೈಗೆ ಬರುವುದು ವಾಡಿಕೆ. 2023ರ ದೀಪಾವಳಿಗೆ ಮುಂಚೆ, ನಾನು ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ, ಅಂತಹುದೇ ಒಂದು ಕಾಗದ ಬಂದಿತು. ಅದು ತಂದೆಯವರ ಮೂತ್ರಪರೀಕ್ಷೆಯ ವರದಿ.

ಅದಕ್ಕೆ ಮೊದಲು ಕೆಲವು ವಾರಗಳಿಂದ ಸಂಜೆಯ ಹೊತ್ತಿಗೆ ಅವರ ಕಾಲು ಊದಿಕೊಳ್ಳುತ್ತಿತ್ತು. ದಿನವೆಲ್ಲ ಮಗ್ಗದ ಮುಂದೆ ಕುಳಿತವರ ಕಾಲು ಊದದೆ ಇನ್ನೇನಾದೀತು ಎಂದು ನಾವು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಸಕ್ಕರೆ ಕಾಯಿಲೆ ಇದೆಯೆಂಬುದು ಏಳು ವರ್ಷಗಳ ಮೊದಲೇ ತಿಳಿದಿತ್ತು. ಗುಳಿಗೆಗಳನ್ನು ಕೆಲವು ತಿಂಗಳು ನುಂಗುವುದು, ಮೈ ಹಗುರವೆನಿಸಿದೊಡನೆ ಬಿಟ್ಟುಬಿಡುವುದು, ಹೀಗೆ ನಡೆದಿತ್ತು. ಬೆನ್ನುನೋವು ಹೆಚ್ಚಾದ ದಿನ ಅಂಗಡಿಯಿಂದ ನೋವಿನ ಗುಳಿಗೆ ತರಿಸಿಕೊಳ್ಳುವುದೂ ನಡೆದಿತ್ತು.

ವರದಿಯಲ್ಲಿ “ಆಲ್ಬುಮಿನ್” ಎಂಬ ಪದದ ಮುಂದೆ ಮೂರು ಕೂಡುವ ಗುರುತುಗಳನ್ನು ಹಾಕಿದ್ದರು. ತಂದೆಯವರು ಕೇಳಿದರು: “ಏನ್ ಬರದಾರವಾ ಇದರಾಗ? ನನಗ ನೋವಿಲ್ಲ, ಜ್ವರಾ ಇಲ್ಲ. ಇದೆಂಥಾ ಬ್ಯಾನಿ?” ನಾನು ಅಕ್ಷರಗಳನ್ನು ಓದಿದೆ; ಅರ್ಥವನ್ನು ಹೇಳಲಾರದೆ ಹೋದೆ. ಹೊಟ್ಟೆ ಕಟ್ಟಿ ಓದಿಸಿದ ತಂದೆಯ ಎದುರಿನಲ್ಲಿ ಮಗಳು ಹಾಗೆ ನಿಲ್ಲಬೇಕಾಗಿ ಬಂದುದನ್ನು ನಾನು ಇನ್ನೂ ಮರೆತಿಲ್ಲ. ಮೂತ್ರಪಿಂಡದ ಜರಡಿ ಸೋರುತ್ತಿದೆ ಎಂದು ಮರುದಿನ ವೈದ್ಯರು ಒಂದೇ ಮಾತಿನಲ್ಲಿ ಹೇಳಿದರು. ಅದೆಂತಹ ಜರಡಿ, ಅದು ಏಕೆ ಸೋರುತ್ತದೆ, ಸೋರುವಾಗ ನೋವೇಕಿಲ್ಲ ಎಂಬುದನ್ನು ಅರಿಯಲೆಂದು ಅಂದಿನಿಂದ ನಾನು ಪುಸ್ತಕಗಳನ್ನು ಹುಡುಕಿ ಓದುತ್ತ ಬಂದಿದ್ದೇನೆ. ತಂದೆಯವರ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೇ ಈ ಲೇಖನ.

ನಮ್ಮ ಬೆನ್ನಿನ ಒಳಭಾಗದಲ್ಲಿ, ಬೆನ್ನೆಲುಬಿನ ಎರಡು ಮಗ್ಗುಲುಗಳಲ್ಲಿ, ಹುರುಳಿಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದೂ ಸುಮಾರು 11 ಸೆಂಟಿಮೀಟರ್ ಉದ್ದ, 150 ಗ್ರಾಂ ತೂಕ. ದೇಹದ ತೂಕದಲ್ಲಿ ಇವೆರಡರ ಪಾಲು ನೂರರಲ್ಲಿ ಅರ್ಧದಷ್ಟೂ ಇಲ್ಲ. ಆದರೂ ಹೃದಯವು ಹೊರಗೆ ತಳ್ಳುವ ರಕ್ತದಲ್ಲಿ ಐದನೆಯ ಒಂದು ಭಾಗ, ಅಂದರೆ ನಿಮಿಷಕ್ಕೆ ಒಂದು ಲೀಟರಿಗಿಂತಲೂ ಸ್ವಲ್ಪ ಹೆಚ್ಚು, ಇವುಗಳ ಪಾಲಿಗೆ ಬರುತ್ತದೆ. ಇಷ್ಟು ಚಿಕ್ಕ ಅಂಗಕ್ಕೆ ಇಷ್ಟು ರಕ್ತವೇಕೆ? ತನ್ನ ಹೊಟ್ಟೆ ಹೊರೆಯಲು ಅಲ್ಲ; ರಕ್ತವನ್ನು ಸೋಸಲು.

ಒಂದೊಂದು ಮೂತ್ರಪಿಂಡದಲ್ಲಿಯೂ ಸರಾಸರಿ 10 ಲಕ್ಷ ಸೋಸುವ ಘಟಕಗಳಿವೆ. ಇವಕ್ಕೆ ನೆಫ್ರಾನ್ ಎಂದು ಹೆಸರು. ಪ್ರತಿಯೊಂದು ನೆಫ್ರಾನಿನ ತಲೆಯಲ್ಲಿಯೂ ಕೂದಲಿಗಿಂತ ಎಷ್ಟೋ ಸಪೂರವಾದ ರಕ್ತನಾಳಗಳು ಸುತ್ತಿಕೊಂಡು ಒಂದು ಗಂಟಾಗಿ ಕುಳಿತಿವೆ. ಆ ಗಂಟಿನ ಅಡ್ಡಳತೆ ಮಿಲಿಮೀಟರಿನ ಐದನೆಯ ಒಂದು ಭಾಗ. ಇದನ್ನು ಗ್ಲಾಮೆರುಲಸ್ ಎನ್ನುತ್ತಾರೆ. ಹೆಸರು ಬಾಯಿಗೆ ಕಠಿಣ. ಆದರೆ ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ ನೂಲಿನ ಪುಟ್ಟ ಉಂಡೆ ಎಂದು. ಈ ಅರ್ಥವನ್ನು ಓದಿದ ದಿನ ನನಗೆ ಆದ ಸಂತೋಷವನ್ನು ನೇಕಾರರ ಮಕ್ಕಳು ಮಾತ್ರ ಊಹಿಸಿಕೊಂಡಾರು. ಇನ್ನು ಮುಂದೆ ನಾನೂ ಇದನ್ನು ಉಂಡೆಯೆಂದೇ ಕರೆಯುತ್ತೇನೆ.

ಈ ಉಂಡೆಗಳು ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ ಕೊಡುತ್ತವೆ. 15 ಲೀಟರ್ ಹಿಡಿಸುವ ಕೊಡಗಳಲ್ಲಿ ತುಂಬಿದರೆ 12 ಕೊಡ! ಅಷ್ಟನ್ನೂ ಹೊರಗೆ ಹಾಕಿದರೆ ಮನುಷ್ಯ ಒಂದು ಗಳಿಗೆಯೂ ಬಾಳಲಾರ. ಆದ್ದರಿಂದ ಉಂಡೆಯ ಮುಂದಿರುವ ಉದ್ದನೆಯ ಕೊಳವೆಯ ಕೋಶಗಳು ಬೇಕಾದ ನೀರು, ಉಪ್ಪು, ಸಕ್ಕರೆಗಳನ್ನು ರಕ್ತಕ್ಕೆ ಮರಳಿಸುತ್ತವೆ. ಕೊನೆಗೆ ಮೂತ್ರವಾಗಿ ಉಳಿಯುವುದು ಒಂದೂವರೆ ಲೀಟರಿನಷ್ಟು. ಆದರೆ ರಕ್ತದಲ್ಲಿರುವ ಒಂದು ವಸ್ತು ಮೊದಲ ಸೋಸುವಿಕೆಯಲ್ಲಿಯೇ ಒಳಗೆ ಉಳಿಯಬೇಕು. ಅದೇ ಪ್ರೋಟೀನು, ಅದರಲ್ಲಿಯೂ ಮುಖ್ಯವಾಗಿ ಆಲ್ಬುಮಿನ್ ಎಂಬ ಪ್ರೋಟೀನು. ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಶಕ್ತಿ ಇದರದು. ಇದು ಅತಿಯಾಗಿ ಸೋರಿಹೋದಾಗ ನೀರು ರಕ್ತನಾಳವನ್ನು ಬಿಟ್ಟು ಮಾಂಸದೊಳಗೆ ಇಳಿಯುತ್ತದೆ, ಕಾಲು ಊದುತ್ತದೆ, ಬೆಳಗಿನಲ್ಲಿ ಕಣ್ಣಿನ ಸುತ್ತ ಬಾವು ಕಾಣುತ್ತದೆ.

ಈ ಸಂಗತಿಗಳು ಒಬ್ಬರ ಕಾಲದಲ್ಲಿ ತಿಳಿದವಲ್ಲ. ಇಟಲಿಯ ಮಾಲ್ಪೀಗಿ 1666ರಲ್ಲಿ ತನ್ನ ಕಾಲದ ಸಾಧಾರಣ ಸೂಕ್ಷ್ಮದರ್ಶಕದಿಂದ ಈ ಉಂಡೆಗಳನ್ನು ಕಂಡು ವರ್ಣಿಸಿದ. ಅವನಿಗೆ ಅವು ಮರದಲ್ಲಿ ತೂಗುವ ಹಣ್ಣುಗಳಂತೆ ತೋರಿದವು. ಉಂಡೆಯನ್ನು ಒಂದು ಬಟ್ಟಲು ಸುತ್ತುವರಿದಿದೆ, ಆ ಬಟ್ಟಲೇ ಮುಂದೆ ಕೊಳವೆಯಾಗಿ ಹರಿಯುತ್ತದೆ ಎಂಬುದನ್ನು 1842ರಲ್ಲಿ ಇಂಗ್ಲೆಂಡಿನ ವಿಲಿಯಂ ಬೋಮನ್ ತೋರಿಸಿಕೊಟ್ಟ. ಅದೇ ವರ್ಷ ಜರ್ಮನಿಯ ಕಾರ್ಲ್ ಲುಡ್ವಿಗ್, ರಕ್ತದ ಒತ್ತಡದಿಂದಲೇ ಇಲ್ಲಿ ಸೋಸುವಿಕೆ ನಡೆಯುತ್ತದೆಯೆಂದು ವಾದಿಸಿದ. ವಾದ ಬಹುಕಾಲ ವಾದವಾಗಿಯೇ ಉಳಿಯಿತು. 1924ರಲ್ಲಿ ಅಮೆರಿಕದ ವೆರ್ನ್ ಮತ್ತು ರಿಚರ್ಡ್ಸ್ ಎಂಬ ಇಬ್ಬರು ಕಪ್ಪೆಯ ಮೂತ್ರಪಿಂಡದ ಒಂದೇ ಒಂದು ಉಂಡೆಯ ಬಟ್ಟಲಿನೊಳಗೆ ಅತಿ ಸಪೂರವಾದ ಗಾಜಿನ ನಳಿಗೆಯನ್ನು ಚುಚ್ಚಿ ಅಲ್ಲಿಯ ದ್ರವವನ್ನು ಹೀರಿ ತೆಗೆದರು. ಅದರಲ್ಲಿ ಉಪ್ಪಿತ್ತು, ಸಕ್ಕರೆಯಿತ್ತು, ಪ್ರೋಟೀನು ಇರಲಿಲ್ಲ. ಲುಡ್ವಿಗ್‌ನ ಮಾತಿಗೆ ಸಾಕ್ಷಿ ದೊರೆಯಿತು.

ಇಲ್ಲಿಗೆ ಒಂದು ಪ್ರಶ್ನೆ ಉಳಿಯಿತು. ನೀರನ್ನು ಬಿಡುವ, ಪ್ರೋಟೀನನ್ನು ತಡೆಯುವ ಆ ಜರಡಿ ಯಾವುದು? ಬೆಳಕಿನಿಂದ ನೋಡುವ ಸೂಕ್ಷ್ಮದರ್ಶಕಕ್ಕೆ ಒಂದು ಮಿತಿಯುಂಟು. ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಒಂದು ಭಾಗಕ್ಕೆ ನ್ಯಾನೊಮೀಟರ್ ಎಂದು ಹೆಸರು. ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಅಂತಹ ಸೂಕ್ಷ್ಮದರ್ಶಕದಲ್ಲಿ ಒಂದೇ ಚುಕ್ಕೆಯಾಗಿ ಕಾಣುತ್ತವೆ. ಜರಡಿಯ ರಂಧ್ರಗಳು ಅದಕ್ಕಿಂತ ಎಷ್ಟೋ ಚಿಕ್ಕವು. ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ನೋಡುವ ಯಂತ್ರವನ್ನು ಜರ್ಮನಿಯಲ್ಲಿ ಕ್ನಾಲ್ ಮತ್ತು ರುಸ್ಕಾ 1931ರಲ್ಲಿ ಕಟ್ಟಿದರು. ಜೀವಕೋಶಗಳನ್ನು ಅತಿ ತೆಳುವಾಗಿ ಕೊಯ್ದು ಅದರಲ್ಲಿಟ್ಟು ನೋಡುವ ವಿದ್ಯೆ 1950ರ ದಶಕದಲ್ಲಿ ಕೈವಶವಾಯಿತು. ಆಗಲೇ ಈ ಲೇಖನದ ನಾಯಕನಾದ ಪಾದಕೋಶವು ತನ್ನ ನಿಜವಾದ ರೂಪದಲ್ಲಿ ಮನುಷ್ಯನ ಕಣ್ಣಿಗೆ ಬಿದ್ದಿತು. ಗ್ರೀಕ್ ಭಾಷೆಯಲ್ಲಿ ‘ಪೋಡ್’ ಎಂದರೆ ಪಾದ. ಆದ್ದರಿಂದ ಇದಕ್ಕೆ ಪೋಡೊಸೈಟ್ ಎಂದು ಹೆಸರಾಯಿತು. ಪಾದಕೋಶ ಎಂಬುದು ಅದರ ಕನ್ನಡ ರೂಪ.

ಈ ಜರಡಿಗೆ ಮೂರು ಪದರಗಳು. ಒಳಗಿನಿಂದ ಹೊರಕ್ಕೆ ಅವುಗಳನ್ನು ನೋಡೋಣ. ರಕ್ತನಾಳದ ಒಳಗೋಡೆಯ ಕೋಶಗಳು ಮೊದಲನೆಯ ಪದರ. ಇವು ಬಹಳ ತೆಳ್ಳಗಿದ್ದು, ಇವುಗಳ ತುಂಬ 60ರಿಂದ 100 ನ್ಯಾನೊಮೀಟರ್ ಅಗಲದ ಕಿಂಡಿಗಳಿವೆ. ರಕ್ತಕಣಗಳು ಇಲ್ಲಿಯೇ ನಿಲ್ಲುತ್ತವೆ. ಎರಡನೆಯದು ಕೋಶಗಳಿಲ್ಲದ ಒಂದು ತಳಪೊರೆ. 300 ನ್ಯಾನೊಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪವಿದ್ದು, ಒತ್ತಾಗಿ ಬಡಿದ ನಾರಿನ ಹಚ್ಚಡದಂತಿದೆ. ಮೂರನೆಯದು, ಎಲ್ಲಕ್ಕೂ ಹೊರಗಿನದು, ಪಾದಕೋಶಗಳ ಪದರ.

ಬೆಳೆದ ಮನುಷ್ಯನ ಒಂದು ಉಂಡೆಯ ಮೇಲೆ ಸುಮಾರು 500ರಿಂದ 600 ಪಾದಕೋಶಗಳಿರುತ್ತವೆ. ಪಾದಕೋಶದ ದೇಹವು ರಕ್ತನಾಳಕ್ಕೆ ತಾಗಿ ಕುಳಿತಿರುವುದಿಲ್ಲ. ಬಟ್ಟಲಿನ ದ್ರವದಲ್ಲಿ ಸ್ವಲ್ಪ ಮೇಲಕ್ಕೆ ನಿಂತು, ತನ್ನ ದಪ್ಪ ಕೊಂಬೆಗಳನ್ನು ರಕ್ತನಾಳದ ಸುತ್ತಲೂ ಚಾಚುತ್ತದೆ. ಒಂದೊಂದು ಕೊಂಬೆಯಿಂದಲೂ ಎರಡು ಮಗ್ಗುಲಿಗೆ ನೂರಾರು ಸಣ್ಣ ಪಾದಗಳು ಹೊರಟು ತಳಪೊರೆಯ ಮೇಲೆ ಊರಿಕೊಳ್ಳುತ್ತವೆ. ಇಲ್ಲಿ ಗಮನಿಸಬೇಕಾದ ವಿಶೇಷವೊಂದಿದೆ. ಒಂದು ಕೋಶದ ಎರಡು ಪಾದಗಳ ನಡುವೆ ಅದರದೇ ಮತ್ತೊಂದು ಪಾದ ಇರುವುದಿಲ್ಲ. ನೆರೆಯ ಕೋಶದ ಪಾದ ಬಂದು ಕುಳಿತಿರುತ್ತದೆ. ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದು ಒಂದು ತಂಬಿಗೆಯನ್ನು ಅಪ್ಪಿ ಹಿಡಿದರೆ ಹೇಗೋ ಹಾಗೆ. ಹೀಗೆ ಯಾವ ಕೋಶವೂ ತಾನೊಂದೇ ಜರಡಿಯಾಗಲಾರದು. ನೆರೆಯ ಕೋಶದೊಡನೆ ಕೂಡಿದಾಗಲೇ ಜರಡಿ.

ಪಾದ ಪಾದಗಳ ನಡುವೆ ಉಳಿಯುವ ಸೀಳಿನ ಅಗಲ ಸುಮಾರು 40 ನ್ಯಾನೊಮೀಟರ್. ಇಂತಹ 2,000 ಸೀಳುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತಲೆಗೂದಲಿನ ಒಂದು ಎಳೆಯಷ್ಟು ಅಗಲವಾದೀತು. ಆದರೂ ಆಲ್ಬುಮಿನ್ನಿನ ಒಂದು ಅಣುವಿಗೆ ಇದು ಹೆಬ್ಬಾಗಿಲೇ ಸರಿ; ಏಕೆಂದರೆ ಆ ಅಣುವಿನ ಅಳತೆ 7 ನ್ಯಾನೊಮೀಟರಿನ ಆಸುಪಾಸು. ಹಾಗಾದರೆ ತಡೆಯುವವರಾರು? ಸೀಳಿಗೆ ಅಡ್ಡಲಾಗಿ ಒಂದು ತೆಳುವಾದ ಪರದೆಯಿದೆ. 1974ರಲ್ಲಿ ರೋಡ್‌ವಾಲ್ಡ್ ಮತ್ತು ಕಾರ್ನೊವ್‌ಸ್ಕಿ ಎಂಬವರು ಇಲಿಗಳ ಮೂತ್ರಪಿಂಡದಲ್ಲಿ ಇದರ ನೇಯ್ಗೆಯನ್ನು ಪರೀಕ್ಷಿಸಿದರು. ನಡುವೆ ಒಂದು ಎಳೆ ಉದ್ದಕ್ಕೆ ಹೋಗಿದೆ. ಅದರಿಂದ ಎರಡು ಪಕ್ಕದ ಪಾದಗಳಿಗೆ ಅಡ್ಡ ಎಳೆಗಳು ಕೂಡಿಕೊಂಡಿವೆ. ಎಳೆಗಳ ನಡುವಿನ ತೂತುಗಳು 4 ನ್ಯಾನೊಮೀಟರ್ ಅಗಲ, 14 ನ್ಯಾನೊಮೀಟರ್ ಉದ್ದ. ಚೀಲಕ್ಕೆ ಹಾಕುವ ಜಿಪ್ಪನ್ನು ನೆನೆದರೆ ಅದರ ರೂಪ ಮನಸ್ಸಿಗೆ ಬರುತ್ತದೆ. ನೀರು, ಉಪ್ಪು, ಸಕ್ಕರೆ ಈ ತೂತುಗಳಲ್ಲಿ ನಿರಾತಂಕವಾಗಿ ಹಾಯುತ್ತವೆ. ಆಲ್ಬುಮಿನ್ ಬಹುಮಟ್ಟಿಗೆ ಹಿಂದೆಯೇ ನಿಲ್ಲುತ್ತದೆ.

ಈ ಎಳೆ ಯಾವ ವಸ್ತುವಿನಿಂದಾದುದು ಎಂಬುದು ಮತ್ತೆ 24 ವರ್ಷಗಳ ಮೇಲೆ ತಿಳಿಯಿತು. ಅದು ತಿಳಿದ ಬಗೆ ದುಃಖದ ಕಥೆ. ಫಿನ್‌ಲೆಂಡ್ ದೇಶದಲ್ಲಿ ಸರಿಸುಮಾರು 8,000 ಹೆರಿಗೆಗಳಿಗೆ ಒಂದು ಮಗು ಹುಟ್ಟುವಾಗಲೇ ಮೂತ್ರದಲ್ಲಿ ಪ್ರೋಟೀನನ್ನು ಧಾರಾಳವಾಗಿ ಕಳೆದುಕೊಳ್ಳುತ್ತಿರುತ್ತದೆ. ತಾಯಿಯ ಗರ್ಭದಲ್ಲಿಯೇ ಸೋರಿಕೆ ಆರಂಭವಾಗಿರುತ್ತದೆ. ಅಂತಹ ಕುಟುಂಬಗಳ ವಂಶವಾಹಿಗಳನ್ನು ಪರೀಕ್ಷಿಸಿ, ಕಾರ್ಲ್ ಟ್ರಿಗ್ವಾಸನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 1998ರಲ್ಲಿ ದೋಷ ಎಲ್ಲಿದೆಯೆಂದು ಕಂಡುಹಿಡಿದರು. ಸೀಳಿನ ಪರದೆಯ ಎಳೆಯಾಗಬೇಕಾದ ಒಂದು ಪ್ರೋಟೀನು ಆ ಮಕ್ಕಳಲ್ಲಿ ಸರಿಯಾಗಿ ತಯಾರಾಗುತ್ತಿರಲಿಲ್ಲ. ಅದಕ್ಕೆ ನೆಫ್ರಿನ್ ಎಂದು ಹೆಸರಿಟ್ಟರು. ಉಳಿದ ಎರಡು ಪದರಗಳಿದ್ದರೂ ಈ ಒಂದು ಎಳೆಯಿಲ್ಲದಿದ್ದರೆ ಜರಡಿ ನಿಲ್ಲದೆಂಬುದು ಇದರಿಂದ ಸ್ಥಿರವಾಯಿತು.

ಪಾದಕೋಶವನ್ನು ಬರಿಯ ಜರಡಿಯೆಂದರೆ ಅದರ ಅರ್ಧ ಕೆಲಸವನ್ನಷ್ಟೇ ಹೇಳಿದಂತೆ. ಉಂಡೆಯ ರಕ್ತನಾಳಗಳಲ್ಲಿ ಒತ್ತಡವು ದೇಹದ ಬೇರೆ ಕಿರುನಾಳಗಳಿಗಿಂತ ಬಹಳ ಹೆಚ್ಚು. ಆ ಒತ್ತಡವಿಲ್ಲದೆ ಸೋಸುವಿಕೆಯಿಲ್ಲ. ಆದರೆ ಆ ಒತ್ತಡಕ್ಕೆ ನಾಳವು ಉಬ್ಬಿ ಹಿಗ್ಗಬಾರದು. ಆದ್ದರಿಂದ ಪಾದಕೋಶಗಳು ಹೊರಗಿನಿಂದ ನಾಳವನ್ನು ಬಿಗಿಹಿಡಿದು ನಿಲ್ಲುತ್ತವೆ. ಪ್ರತಿಯೊಂದು ಪಾದದೊಳಗೂ ಆಕ್ಟಿನ್ ಎಂಬ ನಾರಿನ ಕಟ್ಟುಗಳಿವೆ. ನಮ್ಮ ಸ್ನಾಯುಗಳು ಸಂಕೋಚಗೊಳ್ಳಲು ಬೇಕಾದ ವಸ್ತುಗಳಲ್ಲಿ ಇದೂ ಒಂದು. ಇದಲ್ಲದೆ, ತಳಪೊರೆಯ ದ್ರವ್ಯವನ್ನು ತಯಾರಿಸಿ ಹಾಕುವುದರಲ್ಲಿ ಪಾದಕೋಶಗಳದೇ ಮುಖ್ಯ ಪಾಲು. ಒಳಗೋಡೆಯ ಕೋಶಗಳು ಬದುಕಿ ಬಾಳಲು ಬೇಕಾದ ಪೋಷಕ ವಸ್ತುವನ್ನೂ ಇವೇ ಕಳುಹಿಸುತ್ತವೆ. ಮೂರು ಪದರಗಳ ಮನೆಗೆ ಹೊರಗಿನ ಪದರವೇ ಯಜಮಾನ ಎಂದರೆ ತಪ್ಪಾಗದು.

ಈ ಯಜಮಾನನಿಗೆ ಪೆಟ್ಟು ಬಿದ್ದಾಗ ಏನಾಗುತ್ತದೆ? 1957ರಲ್ಲಿ ಮೆರಿಲಿನ್ ಫಾರ್ಕ್ವಾರ್ ಎಂಬ ಮಹಿಳೆಯೂ ಅವರ ಜೊತೆಗಾರರೂ ರೋಗಿಗಳ ಮೂತ್ರಪಿಂಡದ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೂತ್ರದಲ್ಲಿ ಪ್ರೋಟೀನು ಹರಿಯುತ್ತಿದ್ದವರಲ್ಲಿ ಬಿಡಿಬಿಡಿಯಾದ ಪಾದಗಳು ಮಾಯವಾಗಿದ್ದವು. ಪಾದಗಳು ಚಪ್ಪಟೆಯಾಗಿ, ಅಗಲವಾಗಿ, ಕೋಶವು ತಳಪೊರೆಯ ಮೇಲೆ ಹಾಳೆಯಂತೆ ಹರಡಿಕೊಂಡಿತ್ತು. ಸಾಲಾಗಿದ್ದ ಸೀಳುಗಳು ಕೆಟ್ಟಿದ್ದವು. ಸೀಳು ಕಡಿಮೆಯಾದರೆ ಸೋರಿಕೆಯೂ ಕಡಿಮೆಯಾಗಬೇಕಲ್ಲವೇ ಎಂದು ನನಗೂ ಮೊದಲು ತೋರಿತು. ಆದರೆ ಬಿಗಿಹಿಡಿದಿದ್ದ ಪಾದಗಳು ಸಡಿಲಿದಾಗ ಪರದೆ ಹರಿಯುತ್ತದೆ, ತಳಪೊರೆಯ ಒತ್ತು ಸಡಿಲವಾಗುತ್ತದೆ; ಉಳಿದ ದಾರಿಗಳಲ್ಲಿ ತಡೆಯೇ ಇಲ್ಲದಂತಾಗುತ್ತದೆ.

ಈ ಪೆಟ್ಟು ಎಲ್ಲರಲ್ಲಿಯೂ ಒಂದೇ ಬಗೆಯದಲ್ಲ. ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಮುಖ, ಕಾಲು ಊದಿಕೊಂಡು ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಅವರ ಉಂಡೆಗಳು ಆರೋಗ್ಯವಾಗಿಯೇ ಕಾಣುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾತ್ರ ಪಾದಗಳು ಚಪ್ಪಟೆಯಾಗಿರುವುದು ತಿಳಿಯುತ್ತದೆ. ಈ ರೋಗಿಗಳಲ್ಲಿ ಕೆಲವರ ರಕ್ತದಲ್ಲಿ ನೆಫ್ರಿನ್ನಿನ ಮೇಲೆಯೇ ದಾಳಿ ಮಾಡುವ ಪ್ರತಿಕಾಯಗಳಿವೆಯೆಂದು 2022ರಲ್ಲಿ ಪ್ರಕಟವಾಯಿತು. ಸಂತೋಷದ ಸಂಗತಿಯೆಂದರೆ, ಪ್ರೆಡ್ನಿಸೊಲೋನ್ ಎಂಬ ಔಷಧದಿಂದ ಬಹುಪಾಲು ಮಕ್ಕಳಲ್ಲಿ ಸೋರಿಕೆ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಪಾದಗಳು ಮತ್ತೆ ಮೊದಲಿನ ರೂಪಕ್ಕೆ ಬರುತ್ತವೆ. ಅಂದರೆ ಕೋಶವು ಬದುಕಿರುವವರೆಗೆ ಪಾದಗಳು ಮರಳಿ ಬರುವ ಆಸೆಯುಂಟು.

ಕೋಶವೇ ಕಳಚಿ ಬಿದ್ದರೆ? ಇಲ್ಲಿಯೇ ಇರುವುದು ಈ ವಿಷಯದ ಮರ್ಮ. ನಮ್ಮ ಚರ್ಮ ಹರಿದರೆ ಹೊಸ ಚರ್ಮ ಬರುತ್ತದೆ. ರಕ್ತಕಣಗಳು ದಿನದಿನವೂ ಹೊಸದಾಗಿ ಹುಟ್ಟುತ್ತವೆ. ಆದರೆ ಬೆಳೆದ ಪಾದಕೋಶವು ಒಡೆದು ಎರಡಾಗುವುದಿಲ್ಲ. ಅಷ್ಟೊಂದು ಕೊಂಬೆಗಳನ್ನೂ ಪಾದಗಳನ್ನೂ ಹಬ್ಬಿಸಿಕೊಂಡು ಒತ್ತಡವನ್ನು ತಡೆಯುತ್ತ ನಿಂತ ಕೋಶಕ್ಕೆ, ಎಲ್ಲವನ್ನೂ ಮಡಚಿಕೊಂಡು ಇಬ್ಭಾಗವಾಗುವ ಅವಕಾಶವಿಲ್ಲ. ಕಳಚಿದ ಕೋಶ ಮೂತ್ರದೊಡನೆ ಹೋಯಿತೆಂದರೆ ಅದರ ಸ್ಥಾನ ಬಹುಮಟ್ಟಿಗೆ ತೆರವಾಗಿಯೇ ಉಳಿಯುತ್ತದೆ. ನೆರೆಯ ಕೋಶಗಳು ತಮ್ಮ ಮೈಯನ್ನು ಹಿಗ್ಗಿಸಿ ಆ ಜಾಗವನ್ನು ಮುಚ್ಚಲು ಯತ್ನಿಸುತ್ತವೆ. ಹಿಗ್ಗುವುದಕ್ಕೂ ಒಂದು ಮೇರೆಯಿದೆ.

ಸಕ್ಕರೆ ಕಾಯಿಲೆಯಲ್ಲಿ ಆಗುವುದು ಇದೇ. ರಕ್ತದಲ್ಲಿ ಸಕ್ಕರೆ ಏರಿದಾಗ ಮೊದಮೊದಲು ಮೂತ್ರಪಿಂಡವು ಅಗತ್ಯಕ್ಕಿಂತ ಹೆಚ್ಚು ಸೋಸತೊಡಗುತ್ತದೆ. ಉಂಡೆಯೊಳಗಿನ ಒತ್ತಡ ಏರುತ್ತದೆ, ಉಂಡೆಯೇ ದೊಡ್ಡದಾಗುತ್ತದೆ. ಹೊದಿಕೆಯನ್ನು ಹೊದೆಯುವವನು ಬೆಳೆದ, ಹೊದಿಕೆ ಬೆಳೆಯಲಿಲ್ಲ. ಪಾದಕೋಶಗಳು ಹಿಗ್ಗಿ ಹಿಗ್ಗಿ, ಸಕ್ಕರೆಯ ಪೆಟ್ಟನ್ನೂ ತಿಂದು, ಒಂದೊಂದಾಗಿ ಕಳಚುತ್ತವೆ. ಅಮೆರಿಕದ ಪೀಮಾ ಎಂಬ ಮೂಲನಿವಾಸಿಗಳಲ್ಲಿ ಈ ಕಾಯಿಲೆ ಬಹಳ ಹೆಚ್ಚು. ಅವರನ್ನು ಕುರಿತು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗ ಮುಂದುವರಿದವರ ಉಂಡೆಗಳಲ್ಲಿ ಪಾದಕೋಶಗಳ ಸಂಖ್ಯೆ ಇಳಿದಿರುವುದು ಕಂಡುಬಂದಿತು. 2005ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ಇನ್ನೂ ಸ್ಪಷ್ಟವಾದುದು. ಪಾದಕೋಶಗಳಲ್ಲಿ ನೂರಕ್ಕೆ 20ರವರೆಗೆ ನಷ್ಟವಾದಾಗ ಉಂಡೆಯು ಹೇಗೋ ಸುಧಾರಿಸಿಕೊಂಡಿತು. 20ರಿಂದ 40ರವರೆಗೆ ನಷ್ಟವಾದಾಗ ಅಲ್ಲಲ್ಲಿ ಕಲೆಗಟ್ಟಿತು. 40ನ್ನು ಮೀರಿದಾಗ ಉಂಡೆಗಳು ತೀರ ಹಾಳಾಗಿ ಮೂತ್ರಪಿಂಡದ ಶಕ್ತಿಯೇ ಕುಂದಿತು. ಒಂದು ಉಂಡೆ ಕಲೆಗಟ್ಟಿ ನಿಂತಾಗ ಅದರ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ; ಅವೂ ಬೇಗ ದಣಿಯುತ್ತವೆ.

ಇಷ್ಟಾದರೂ ನೋವೇಕಿಲ್ಲ? ಈ ಉಂಡೆಗಳೊಳಗಿಂದ ಮಿದುಳಿಗೆ ನೋವಿನ ಸುದ್ದಿ ಒಯ್ಯುವ ನರಗಳಿಲ್ಲ. ಅಲ್ಲದೆ ಪ್ರಕೃತಿಯು ನಮಗೆ ಬೇಕಾದುದಕ್ಕಿಂತ ಹೆಚ್ಚು ನೆಫ್ರಾನುಗಳನ್ನು ಕೊಟ್ಟಿದೆ. ಒಂದು ಮೂತ್ರಪಿಂಡವನ್ನು ದಾನ ಮಾಡಿದವರು ಇನ್ನೊಂದರಿಂದ ಬಾಳುತ್ತಾರೆ. ಈ ಔದಾರ್ಯವೇ ನಮ್ಮನ್ನು ಮೋಸಗೊಳಿಸುತ್ತದೆ. ರಕ್ತಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ಎಂಬ ಅಂಕಿ ಮೇಲಕ್ಕೇರಿ ಕಣ್ಣಿಗೆ ಬೀಳುವಷ್ಟರಲ್ಲಿ ಶಕ್ತಿಯ ಅರ್ಧದಷ್ಟು ಹೋಗಿರಬಹುದು. ಅದಕ್ಕಿಂತ ಎಷ್ಟೋ ಮೊದಲೇ ಕೂಗಿ ಹೇಳುವ ಸಾಕ್ಷಿಯೆಂದರೆ ಮೂತ್ರಕ್ಕೆ ಸೋರಿದ ಆಲ್ಬುಮಿನ್.

ಇದನ್ನೆಲ್ಲ ನಾನು ಮನೆಯಲ್ಲಿ ಒಂದು ಸಂಜೆ ತಂದೆಯವರಿಗೆ ಹೇಳಿದೆ. ಮಗ್ಗದ ಹಣಿಗೆಯನ್ನು ತೋರಿಸಿ, ಹಲ್ಲುಗಳ ನಡುವೆ ಎಳೆ ಹೇಗೆ ಹಾಯುತ್ತದೆಯೋ ಹಾಗೆ ಪಾದಗಳ ನಡುವೆ ನೀರು ಹಾಯುತ್ತದೆಯೆಂದೆ. ಅವರು ಹಣಿಗೆಯ ಮೇಲೆ ಬೆರಳಾಡಿಸುತ್ತ ಕೇಳಿದರು: “ಹಣಗಿ ಹಲ್ಲು ಮುರದ್ರ ಬ್ಯಾರೆ ಹಣಗಿ ತಂದು ಹಾಕ್ತೀವಿ. ಇದಕ್ಕ ಬ್ಯಾರೆ ಹಲ್ಲು ಬರೂದಿಲ್ಲೇನು?” “ಬರೂದಿಲ್ಲಪ್ಪಾ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇದ್ದದ್ದನ್ನ ಜ್ವಾಕಿ ಮಾಡಬೇಕಲ್ಲ” ಎಂದರು. ನಾನು ಎರಡು ವರ್ಷ ಓದಿ ಮುಟ್ಟಿದ ತೀರ್ಮಾನವನ್ನು ಅವರು ಒಂದೇ ಮಾತಿನಲ್ಲಿ ಮುಟ್ಟಿದ್ದರು.

ಇದ್ದದ್ದನ್ನು ಕಾಪಾಡುವ ದಾರಿಗಳು ಇಲ್ಲದಿಲ್ಲ. ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಯಲ್ಲಿಡುವುದು ಮೊದಲನೆಯದು. ಉಂಡೆಯಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸಿ ಒಳಗಿನ ಒತ್ತಡವನ್ನು ಇಳಿಸುವ ಔಷಧಗಳಿವೆ. ಇವುಗಳಲ್ಲಿ ಕ್ಯಾಪ್ಟೊಪ್ರಿಲ್ ಎಂಬುದು ಸಕ್ಕರೆ ಕಾಯಿಲೆಯವರ ಮೂತ್ರಪಿಂಡವನ್ನು ರಕ್ಷಿಸುತ್ತದೆಯೆಂದು 1993ರಲ್ಲಿಯೂ, ಲೋಸಾರ್ಟಾನ್, ಇರ್ಬೆಸಾರ್ಟಾನ್ ಎಂಬುವು ಹಾಗೆಯೇ ರಕ್ಷಿಸುತ್ತವೆಯೆಂದು 2001ರಲ್ಲಿಯೂ ಸ್ಥಿರಪಟ್ಟಿತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಬಿಡುವ ಮತ್ತೊಂದು ಜಾತಿಯ ಗುಳಿಗೆಗಳು ಉಂಡೆಗೆ ಬರುವ ರಕ್ತದ ನುಗ್ಗಾಟವನ್ನೇ ತಗ್ಗಿಸುತ್ತವೆ. ಅವುಗಳಲ್ಲೊಂದಾದ ಕೆನಾಗ್ಲಿಫ್ಲೋಜಿನ್ನಿನ ಉಪಯೋಗ 2019ರಲ್ಲಿ ಸಿದ್ಧವಾಯಿತು. ಇವನ್ನು ವೈದ್ಯರು ನೋಡಿ ಕೊಡಬೇಕೇ ಹೊರತು ನಾವಾಗಿ ತಂದು ನುಂಗತಕ್ಕವಲ್ಲ. ಹಾಗೆಯೇ ಅಂಗಡಿಯಿಂದ ಮನಬಂದಂತೆ ತರುವ ನೋವಿನ ಗುಳಿಗೆಗಳಲ್ಲಿ ಅನೇಕವು ಮೂತ್ರಪಿಂಡಕ್ಕೆ ಕೆಡುಕು ಮಾಡುತ್ತವೆ ಎಂಬುದನ್ನು ಎಲ್ಲರೂ ನೆನಪಿನಲ್ಲಿಡಬೇಕು.

ಆದರೆ ಸೋರಿಕೆಯನ್ನು ಕಂಡುಕೊಂಡ ಮೇಲಲ್ಲವೇ ಕಾಪಾಡುವ ಮಾತು? ಪರೀಕ್ಷೆ ಬಲು ಸುಲಭ. ಹಳದಿ ಬಣ್ಣದ ಕಾಗದದ ಗುರುತುಳ್ಳ ಪಟ್ಟಿಯೊಂದನ್ನು ಮೂತ್ರದಲ್ಲಿ ಅದ್ದುತ್ತಾರೆ; ಆಲ್ಬುಮಿನ್ ಇದ್ದರೆ ಅದು ಹಸಿರಿಗೆ ತಿರುಗುತ್ತದೆ. ತಾಲ್ಲೂಕು ಆಸ್ಪತ್ರೆಯ ಪ್ರಯೋಗಶಾಲೆಯವರು ಒಮ್ಮೆ ಅದನ್ನು ನನ್ನೆದುರಿಗೇ ಮಾಡಿ ತೋರಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ನಾನು ಕಂಡವಳಲ್ಲ. ಆದರೆ ಆ ಹಳದಿ ಹಸಿರಾದುದನ್ನು ಕಂಡಾಗ ತಂದೆಯವರ ಪಾದಕೋಶಗಳನ್ನೇ ಕಂಡಂತಾಯಿತು. ದಿನಕ್ಕೆ 30 ಮಿಲಿಗ್ರಾಮಿನೊಳಗೆ ಆಲ್ಬುಮಿನ್ ಹೋಗುವುದು ಸಹಜ. 30ನ್ನು ದಾಟಿದರೆ ಎಚ್ಚರ. 300ನ್ನು ದಾಟಿದರೆ ಸೋರಿಕೆ ಬಲವಾಗಿದೆಯೆಂದು ಅರ್ಥ. ಬರಿಯ ಪಟ್ಟಿಯ ಪರೀಕ್ಷೆಗೆ ಆರಂಭದ ಸಣ್ಣ ಸೋರಿಕೆ ಸಿಕ್ಕದೆ ಹೋಗಬಹುದು. ಆದಕಾರಣ ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ನುಗಳ ಪ್ರಮಾಣವನ್ನು ಅಳೆಯುವ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಮೂತ್ರದಲ್ಲಿ ನೊರೆ ಬಂದು ಬಹಳ ಹೊತ್ತು ಆರದೆ ನಿಂತರೆ ಅದೂ ಒಂದು ಸೂಚನೆ. ನೊರೆಯೆಲ್ಲ ರೋಗವಲ್ಲ, ಆದರೂ ತೋರಿಸಿಕೊಳ್ಳುವುದು ಲೇಸು.

ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯುಳ್ಳವರು 10 ಕೋಟಿಗೂ ಹೆಚ್ಚೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಈ ಲೇಖನವನ್ನು ಓದುವ ಗೆಳೆಯ ಗೆಳತಿಯರಲ್ಲಿ ಅನೇಕರ ಮನೆಯಲ್ಲಿ ಅಂತಹವರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ನೋವಿರುವುದಿಲ್ಲ, ಆದ್ದರಿಂದ ಅವರು ಕೇಳುವುದಿಲ್ಲ. ಕೇಳಬೇಕಾದವರು ಓದಿದ ನಾವು.

ತಂದೆಯವರು ಈಗ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಸೋರಿಕೆ ತಗ್ಗಿದೆ, ನಿಂತಿಲ್ಲ. ಕಾಲಿನ ಊತ ಇಳಿದಿದೆ. ಕಳೆದ ಬಾರಿ ಹೋಗುವಾಗ ಓಣಿಯ ಇನ್ನಿಬ್ಬರು ನೇಕಾರರನ್ನು ಸಂಗಡ ಕರೆದುಕೊಂಡು ಹೋಗಿದ್ದರು. ಅವರಲ್ಲಿ ಒಬ್ಬರ ಪಟ್ಟಿ ಹಳದಿಯಾಗಿಯೇ ಉಳಿಯಿತು. ಮತ್ತೊಬ್ಬರದು ತುಸು ಹಸಿರಾಯಿತು. ಆ ವರದಿಯನ್ನು ಅವರು ಸಂಜೆ ನಮ್ಮ ಮನೆಗೆ ತಂದರು. ಈ ಸಲ ನಾನು ಅಕ್ಷರಗಳ ಜೊತೆಗೆ ಅರ್ಥವನ್ನೂ ಓದಿ ಹೇಳಿದೆ.